ತೂಕ ಜಾಸ್ತಿ ಇದ್ದರೆ ಗರ್ಭನಿರೋಧಕ ಇಂಜೆಕ್ಷನ್ ಕೆಲಸ ಮಾಡುತ್ತಾ? ಡೋಸ್ ಹೆಚ್ಚಿಸಬೇಕಾ?

ಕೆಲಸ ಮಾಡುತ್ತೆ, ಡೋಸ್ ಹೆಚ್ಚಿಸಬೇಕಾಗಿಲ್ಲ. ತೂಕ 45 ಕಿಲೋ ಇರಲಿ, 95 ಇರಲಿ, ಡಿಎಂಪಿಎ ಎಂಬ ಈ ಗರ್ಭನಿರೋಧಕ ಹಾರ್ಮೋನ್ ಇಂಜೆಕ್ಷನ್ ಸ್ನಾಯುವಿಗೆ ಕೊಡುವುದಾದರೆ ಎಲ್ಲರಿಗೂ 150 ಮಿಲಿಗ್ರಾಂ, ಮೂರು ತಿಂಗಳಿಗೊಮ್ಮೆ.

ದಪ್ಪ ಇರುವವರ ರಕ್ತದಲ್ಲಿ ಈ ಹಾರ್ಮೋನ್ ಮಟ್ಟ ಸ್ವಲ್ಪ ಕಡಿಮೆ ಕಾಣಬಹುದು, ಆದರೆ ಅಂಡಾಣು ಬಿಡುಗಡೆಯಾಗದಂತೆ ತಡೆಯಲು ಅಷ್ಟು ಸಾಕು. ಹಾಗಾಗಿ ತೂಕಕ್ಕಿಂತ ಮುಖ್ಯವಾದದ್ದು ಮುಂದಿನ ಡೋಸ್ ತಪ್ಪಿಸದಿರುವುದು.

ನನಗೆ ಹೆಚ್ಚು ಕಾಳಜಿ ಇರುವುದು ಉಲ್ಟಾ ಪ್ರಶ್ನೆ ಬಗ್ಗೆ, ಅಂದರೆ ಇಂಜೆಕ್ಷನ್‌ನಿಂದ ತೂಕ ಏರುತ್ತಾ ಅನ್ನೋದು. ಕೆಲವರಿಗೆ ಏರುತ್ತೆ, ಅದನ್ನು ಸುಮ್ನೆ ಭ್ರಮೆ ಅಂತ ತಳ್ಳಿಹಾಕಬಾರದು. ಮೊದಲ ಆರು ತಿಂಗಳಲ್ಲೇ ಶೇ. 5ಕ್ಕಿಂತ ಜಾಸ್ತಿ ಏರಿದವರಿಗೆ ಆಮೇಲೂ ಏರುತ್ತಾ ಹೋಗುವ ಸಾಧ್ಯತೆ ಹೆಚ್ಚು, ಅದಕ್ಕೇ ಶುರು ಮಾಡುವ ದಿನವೇ ತೂಕ ನೋಡಿ ಬರೆದಿಟ್ಟುಕೊಳ್ಳಿ. ಮೊದಲೇ ಬೊಜ್ಜಿರುವ ಹದಿಹರೆಯದ ಹುಡುಗಿಯರಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ.

ಈ ಇಂಜೆಕ್ಷನ್‌ನಿಂದ ಈಸ್ಟ್ರೊಜೆನ್ ಎಂಬ ಹೆಣ್ಣಿನ ಹಾರ್ಮೋನ್ ಕಡಿಮೆಯಾಗುವುದರಿಂದ ಮೂಳೆಯ ಸಾಂದ್ರತೆಯೂ ಸ್ವಲ್ಪ ಇಳಿಯುತ್ತದೆ, ನಿಲ್ಲಿಸಿದ ಮೇಲೆ ಬಹುಮಟ್ಟಿಗೆ ಮರಳುತ್ತದೆ. ಮುಟ್ಟು ಏರುಪೇರಾಗುವುದು, ನಿಂತೇ ಹೋಗುವುದು ಸಾಮಾನ್ಯ. ಬೇಗ ಮಗು ಬೇಕು ಅನ್ನುವವರು ಇದನ್ನು ಮೊದಲೇ ಡಾಕ್ಟರ್ ಹತ್ತಿರ ಹೇಳಿ, ಯಾಕಂದ್ರೆ ಕೊನೆಯ ಇಂಜೆಕ್ಷನ್ ನಂತರ ಗರ್ಭ ನಿಲ್ಲಲು ಹತ್ತು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯಬಹುದು.