ವಿಜಯಪುರದ ಬಿಸಿಲಿನಲ್ಲಿ ಮನೆಯವರ ಚರ್ಮ ಕಾಪಾಡುವುದು ಹೇಗೆ? ತಪಾಸಣೆ ಎಷ್ಟಕ್ಕೊಮ್ಮೆ?

ನೀವು ಬರೆದಿದ್ದು ಇಷ್ಟು: ಶಿವಮೊಗ್ಗದಿಂದ ವಿಜಯಪುರಕ್ಕೆ ವರ್ಗವಾಗಿ ಬಂದಿದ್ದೀರಿ. ಮನೆಯಲ್ಲಿ ನೀವು, ನಿಮ್ಮ ಯಜಮಾನರು, ನಾಲ್ಕು ವರ್ಷದ ಮಗ, ಅರವತ್ತು ದಾಟಿದ ಅತ್ತೆ. ಇಲ್ಲಿನ ಬಿಸಿಲಿಗೆ ಎಲ್ಲರ ಚರ್ಮ ಕೆಡುತ್ತಿದೆ, ಏನು ಹಚ್ಚಬೇಕು, ಆರೋಗ್ಯ ತಪಾಸಣೆ ಎಷ್ಟಕ್ಕೊಮ್ಮೆ ಮಾಡಿಸಬೇಕು ಅಂತ ಕೇಳಿದ್ದೀರಿ. ಕೊನೆಯ ಸಾಲಿನಲ್ಲಿ, ಅತ್ತೆಯ ಅಂಗಾಲಿನ ಕಪ್ಪು ಮಚ್ಚೆ ಈಚೆಗೆ ದೊಡ್ಡದಾದ ಹಾಗೆ ಕಾಣುತ್ತದೆ, ಅದಕ್ಕೂ ಬಿಸಿಲೇ ಕಾರಣವಾ ಅಂದಿದ್ದೀರಿ.

ಆ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಅಂಗಾಲಿಗೆ ಬಿಸಿಲು ಬೀಳುವುದಿಲ್ಲ. ನಮ್ಮಂಥ ಕಂದು ಬಣ್ಣದವರಿಗೆ ಚರ್ಮದ ಕ್ಯಾನ್ಸರ್ ಬರುವುದು ಕಡಿಮೆ, ನಿಜ. ಆದರೆ ಅದರಲ್ಲೇ ಕೆಟ್ಟದ್ದಾದ ಮೆಲನೋಮಾ ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಬುಡ, ಇಂಥ ಯಾರೂ ನೋಡದ ಜಾಗದಲ್ಲೇ ಬರುತ್ತದೆ. ಹೆಚ್ಚಿನ ಮಚ್ಚೆಗಳಿಂದ ಏನೂ ತೊಂದರೆ ಇಲ್ಲ. ಅಂಚು ಸೊಟ್ಟಪಟ್ಟ ಆಗಿದ್ದರೆ, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ ಇದ್ದರೆ, ಆರು ಮಿಲಿಮೀಟರ್‌ಗಿಂತ ದೊಡ್ಡದಿದ್ದರೆ, ರಕ್ತ ಬಂದರೆ, ಬೆಳೆಯುತ್ತಿದ್ದರೆ ತೋರಿಸಲೇಬೇಕು. ನಿಮ್ಮ ಅತ್ತೆಯದು ಬೆಳೆಯುತ್ತಿದೆ ಅಂತ ನೀವೇ ಬರೆದಿದ್ದೀರಿ. ಹಾಗಾಗಿ ಈ ವಾರವೇ ಚರ್ಮದ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಇವತ್ತು ಸಂಜೆಯೇ ಅದರ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದಿಡಿ. ಮುಂದೆ ಬೆಳೆದಿದೆಯೋ ಇಲ್ಲವೋ ಅಂತ ಅಂದಾಜಿನಲ್ಲಿ ಹೇಳುವ ಕಷ್ಟ ಇರುವುದಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣ ನನ್ನ ಅಪ್ಪ.

ನಾನು ಇಲ್ಲೇ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಅಪ್ಪ, ಅವ್ವ ತಿಕೋಟಾ ಕಡೆಯ ಹಳ್ಳಿಯಲ್ಲಿ ದ್ರಾಕ್ಷಿ ಪಡ ನೋಡಿಕೊಂಡಿದ್ದಾರೆ. ಒಂದು ಬೇಸಿಗೆ ಅಪ್ಪನ ಕುತ್ತಿಗೆ, ಮುಖ ಎಲ್ಲ ಕಪ್ಪಾಗಿ, ದಪ್ಪಗಾಗಿ, ತುರಿಕೆ ಶುರುವಾಯಿತು. ಏಪ್ರಿಲ್ ತಿಂಗಳು, ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸದ ದಿನಗಳು, ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು. "ಬಿಸಲಿಗೆ ಆಗ್ಯಾದ ಬಿಡವಾ, ಮಳಿ ಬಂತಂದ್ರ ಹೊಕ್ಕದ" ಅಂದರು. ನಾನೂ ನಂಬಿದೆ. ಮಳೆ ಬಂತು, ತುರಿಕೆ ಜಾಸ್ತಿಯೇ ಆಯಿತು. ಔಷಧದ ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬ್ ತಂದರು. ಹಚ್ಚಿದ ಮೂರೇ ದಿನಕ್ಕೆ ಇಳಿಯಿತು. ಬಿಟ್ಟರೆ ಮತ್ತೆ ಬಂತು. ಹೀಗೆ ಎರಡು ವರ್ಷ, ಟ್ಯೂಬಿನ ಮೇಲೆ ಟ್ಯೂಬ್. ನಿದ್ದೆಯಲ್ಲೂ ಕೆರೆದುಕೊಳ್ಳುತ್ತಿದ್ದರು, ದಿಂಬಿನ ಮೇಲೆ ರಕ್ತದ ಚುಕ್ಕಿ ಇರುತ್ತಿತ್ತು ಅಂತ ಅವ್ವ ಹೇಳಿದ ಮೇಲೆ ನಾನು ರಜೆ ಹಾಕಿ ಕರೆದುಕೊಂಡು ಹೋದೆ.

ಆ ವೈದ್ಯರು ಮಾಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪನನ್ನು ಕಿಟಕಿಯ ಹತ್ತಿರ ಕೂರಿಸಿದರು. ಗದ್ದ ಎತ್ತಿ ಕೆಳಗೆ ನೋಡಿದರು. ಕಿವಿಯನ್ನು ಮುಂದಕ್ಕೆ ಮಡಚಿ ಹಿಂದೆ ನೋಡಿದರು. ಕಣ್ಣು ಮುಚ್ಚಲು ಹೇಳಿ ರೆಪ್ಪೆ ನೋಡಿದರು. ಕೊನೆಗೆ ಮೊಣಕೈ ಬಿಡಿಸಿ ಒಳಮಡಿಕೆ ನೋಡಿದರು. "ಬಿಸಿಲಿನಿಂದ ಮಾತ್ರ ಆಗಿದ್ದರೆ ನೆರಳಿರುವ ಈ ಜಾಗಗಳು ಚೆನ್ನಾಗಿರಬೇಕಿತ್ತು. ಇದು ಗಾಳಿಯಲ್ಲಿ ಬಂದು ಕೂರುವ ಯಾವುದೋ ಧೂಳಿನಿಂದ. ನಿಮ್ಮ ಹೊಲದಲ್ಲಿ ಕಾಂಗ್ರೆಸ್ ಕಸ ಇದೆಯಾ?" ಅಂತ ಕೇಳಿದರು.

ಇತ್ತು. ಬದುವಿನ ತುಂಬ ಇತ್ತು. ನಿಮ್ಮ ಕಡೆ ಪಾರ್ಥೇನಿಯಂ ಅನ್ನುತ್ತೀರೇನೋ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಗಿಡ ಇದು. ಈಗ ಇಲ್ಲದ ಊರಿಲ್ಲ. ಒಣಗಿದ ಗಿಡದ ಪುಡಿ, ಹೂವಿನ ಪರಾಗ ಗಾಳಿಯಲ್ಲಿ ತೇಲಿ ಬಂದು ಬೆವರಿದ ಚರ್ಮದ ಮೇಲೆ ಕೂರುತ್ತದೆ. ವರ್ಷಗಟ್ಟಲೆ ಏನೂ ಆಗದೆ ಇದ್ದವರಿಗೂ ಒಂದು ದಿನ ಅಲರ್ಜಿ ಶುರುವಾಗಬಹುದು. ಅಪ್ಪನ ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡುವ ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಂಡರು.

ಗುಳಿಗೆ ಶುರು ಮಾಡುವ ಮೊದಲು ರಕ್ತ ಪರೀಕ್ಷೆ ಬರೆದುಕೊಟ್ಟರು. ಅದರಲ್ಲಿ ಕೆಲವು ಗುಳಿಗೆ ಸಕ್ಕರೆ ಏರಿಸುತ್ತವೆ, ಅದಕ್ಕೆ ಮೊದಲು ನೋಡಬೇಕು ಅಂದರು. ಅಪ್ಪನ ಬರಿ ಹೊಟ್ಟೆಯ ಸಕ್ಕರೆ 186 ಇತ್ತು. 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಐವತ್ತೆಂಟು ವರ್ಷದ ಮನುಷ್ಯ, ಅಲ್ಲಿಯವರೆಗೆ ಒಮ್ಮೆಯೂ ಶುಗರ್ ನೋಡಿಸಿರಲಿಲ್ಲ. ಕುತ್ತಿಗೆ ತುರಿಸದೇ ಇದ್ದಿದ್ದರೆ ಇನ್ನೂ ಎಷ್ಟು ವರ್ಷ ಗೊತ್ತಾಗುತ್ತಿರಲಿಲ್ಲವೋ. ಆವತ್ತಿನಿಂದ ನಮ್ಮ ಮನೆಯಲ್ಲಿ ಚರ್ಮ ನೋಡುವುದು, ತಪಾಸಣೆ ಮಾಡಿಸುವುದು ಎರಡೂ ಒಂದೇ ಕೆಲಸ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಲ್ಲಿನ ಬಿಸಿಲಿಗೆ ಮೊದಲ ಔಷಧ ಬಟ್ಟೆ. ನಮ್ಮ ಹೊಲಗಳಲ್ಲಿ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿ, ತಲೆಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡುವುದನ್ನು ನೋಡಿರುತ್ತೀರಿ. ಅದು ಅನುಭವದಿಂದ ಬಂದ ಬುದ್ಧಿ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಆದಷ್ಟು ನೆರಳಿನಲ್ಲಿರಿ. ಮಗನಿಗೆ ಅಗಲ ಅಂಚಿನ ಟೋಪಿ ಕೊಡಿಸಿ, ಕ್ಯಾಪ್ ಹಾಕಿದರೆ ಕಿವಿ, ಕುತ್ತಿಗೆ ಸುಡುತ್ತವೆ. ಸನ್‌ಸ್ಕ್ರೀನ್ ತೆಗೆದುಕೊಳ್ಳುವುದಾದರೆ ಎಸ್‌ಪಿಎಫ್ 30 ಸಾಕು. 30 ಇದ್ದರೆ ಸುಡುವ ಕಿರಣ ಸುಮಾರು ಶೇ 97ರಷ್ಟು ತಡೆಯುತ್ತದೆ, 50 ಇದ್ದರೆ ಶೇ 98. ಆ ಒಂದಕ್ಕೆ ದುಪ್ಪಟ್ಟು ದುಡ್ಡು ಕೊಡಬೇಡಿ. ಚರ್ಮ ಕಪ್ಪಾಗಿಸುವ ಯುವಿಎ ಕಿರಣವನ್ನೂ ತಡೆಯಬೇಕು, ಅದಕ್ಕೆ ಡಬ್ಬಿಯ ಮೇಲೆ ಪಿಎ ಅಂತ ಬರೆದು ಮೂರು ಕೂಡಿಸುವ ಚಿಹ್ನೆ ಇದೆಯಾ ನೋಡಿ. ಮುಖ, ಕುತ್ತಿಗೆಗೆ ಸೇರಿ ತೋರುಬೆರಳು, ನಡುಬೆರಳಿನ ಉದ್ದಕ್ಕೆ ಹಿಂಡಿದಷ್ಟು ಬೇಕು. ಕಡಲೆಕಾಳಿನಷ್ಟು ಹಚ್ಚಿದರೆ ಹಚ್ಚಿದ ಲೆಕ್ಕಕ್ಕೇ ಬರುವುದಿಲ್ಲ. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ನಿಮಗೆ ಕೆನ್ನೆಯ ಮೇಲೆ ಬಂಗು ಇದ್ದರೆ ಚರ್ಮದ ಬಣ್ಣ ಇರುವ ಸನ್‌ಸ್ಕ್ರೀನ್ ಕೇಳಿ, ಅದರಲ್ಲಿರುವ ಕಬ್ಬಿಣದ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ.

ಮಲೆನಾಡಿನಿಂದ ಬಂದವರಿಗೆ ಇಲ್ಲಿ ಬಿಸಿಲಿನಷ್ಟೇ ಕಾಡುವುದು ಒಣ ಹವೆ ಮತ್ತು ಬೋರಿನ ಸವಳು ನೀರು. ಕುದಿ ಕುದಿ ನೀರು ಸುರಿದುಕೊಂಡು, ಸೋಪು ಉಜ್ಜಿ ಉಜ್ಜಿ ಹಚ್ಚಿದರೆ ಕಾಲು ಬಿರುಕು ಬಿಡುತ್ತದೆ. ಉಗುರುಬೆಚ್ಚಗಿನ ನೀರು ಸಾಕು. ಮೈ ಒರೆಸಿಕೊಂಡು, ಇನ್ನೂ ಸ್ವಲ್ಪ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆಯೋ ಪೆಟ್ರೋಲಿಯಂ ಜೆಲ್ಲಿಯೋ ಹಚ್ಚಿ.

ಟ್ಯೂಬಿನ ವಿಷಯ ಮಾತ್ರ ಕೈಮುಗಿದು ಹೇಳುತ್ತೇನೆ. ಅಪ್ಪ ಎರಡು ವರ್ಷ ಹಚ್ಚಿದ್ದು ಸ್ಟಿರಾಯ್ಡ್ ಕ್ರೀಮ್. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್, ಈ ಹೆಸರುಗಳು ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತವೆ. ವೈದ್ಯರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಒಳ್ಳೆಯ ಔಷಧ. ಸುಮ್ನೆ ತಂದು ಮುಖಕ್ಕೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಕೆಂಪು ನರ ಕಾಣುತ್ತವೆ, ಕೂದಲು ಹುಟ್ಟುತ್ತವೆ, ಬಿಟ್ಟ ಕೂಡಲೇ ಉರಿ ಶುರುವಾಗುತ್ತದೆ. ಗಜಕರ್ಣಕ್ಕೆ ಹಚ್ಚಿದರಂತೂ ಮೇಲೆ ಮಾಯವಾದ ಹಾಗೆ ಕಂಡು ಸುತ್ತಲೂ ಹಬ್ಬುತ್ತದೆ. ಬೆಳ್ಳಗಾಗುವ ಕ್ರೀಮ್ ಅಂತ ಹೆಸರಿಲ್ಲದ ಡಬ್ಬಿಯಲ್ಲಿ ಮಾರುವುದನ್ನು ಮನೆಗೇ ತರಬೇಡಿ. ಕೆಲವದರಲ್ಲಿ ಪಾದರಸ ಇರುತ್ತದೆ, ಅದು ಕಿಡ್ನಿ ಕೆಡಿಸುತ್ತದೆ. ಗಜಕರ್ಣ ಆದರೆ ಟವೆಲ್ ಬೇರೆ ಮಾಡಿ, ಒಳಬಟ್ಟೆ ಬಿಸಿಲಿಗೆ ಒಣಗಿಸಿ ಇಸ್ತ್ರಿ ಮಾಡಿ, ವೈದ್ಯರು ಹೇಳಿದಷ್ಟು ವಾರ ಔಷಧ ಮುಂದುವರಿಸಿ. ರಾತ್ರಿ ಹೊತ್ತು ಬೆರಳಸಂದಿ ಕೆರೆಯುತ್ತಿದ್ದರೆ ಕಜ್ಜಿ ಇರಬಹುದು. ಅದಕ್ಕೆ ಮನೆಯವರೆಲ್ಲ ಒಂದೇ ದಿನ ಔಷಧ ಹಚ್ಚಿಕೊಳ್ಳಬೇಕು, ತುರಿಕೆ ಇಲ್ಲದವರೂ.

ನೋಡುವುದು ಹೇಗೆ ಅಂತೀರಾ? ನಮ್ಮಲ್ಲಿ ದೀಪಾವಳಿಗೆ ಎಣ್ಣೆ ಹಚ್ಚಿ ಎರೆಯುತ್ತಾರೆ. ಸಂಕ್ರಾಂತಿಗೆ ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಸ್ನಾನ ಮಾಡುತ್ತೇವೆ. ಅವ್ವನ ಕೈ ಬೆನ್ನಿನ ಮೇಲೆ ಓಡಾಡುವಾಗ ಅವಳಿಗೆ ಕಾಣದ್ದು ಯಾವುದೂ ಇಲ್ಲ. ನಾವು ಅದನ್ನೇ ತಿಂಗಳಿಗೊಂದು ಭಾನುವಾರಕ್ಕೆ ತಂದುಕೊಂಡಿದ್ದೇವೆ. ಹಗಲು ಬೆಳಕಿನಲ್ಲಿ ಬೆನ್ನು, ಕಿವಿಯ ಹಿಂದೆ, ಅಂಗಾಲು, ಬೆರಳಸಂದಿ, ಉಗುರು ನೋಡುತ್ತೇವೆ. ತಿಳಿ ಬಣ್ಣದ ಮಚ್ಚೆ ಕಂಡರೆ ಕಣ್ಣು ಮುಚ್ಚಿಸಿ ಹತ್ತಿಯಿಂದ ಮುಟ್ಟುತ್ತೇವೆ. ಮುಟ್ಟಿದ್ದು ಗೊತ್ತಾಗದಿದ್ದರೆ ಕುಷ್ಠ ಇರಬಹುದು. ಗಾಬರಿ ಬೇಡ, ನಾಚಿಕೆಯೂ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಗುಳಿಗೆ ಕೊಡುತ್ತಾರೆ, ಆರು ತಿಂಗಳು ಅಥವಾ ಒಂದು ವರ್ಷದಲ್ಲಿ ಪೂರ್ತಿ ವಾಸಿಯಾಗುತ್ತದೆ. ಕುತ್ತಿಗೆ ಹಿಂದೆ ಮಖಮಲ್ಲಿನ ಹಾಗೆ ಕಪ್ಪಾಗಿದ್ದರೆ ಅದು ಕೊಳೆ ಅಂತ ಉಜ್ಜಬೇಡಿ. ಸಕ್ಕರೆ ಕಾಯಿಲೆ ಹತ್ತಿರ ಬರುತ್ತಿರುವ ಗುರುತು ಆಗಿರಬಹುದು, ಶುಗರ್ ನೋಡಿಸಿ.

ವರ್ಷದ ತಪಾಸಣೆಗೆ ನಾವು ಇಲ್ಲಿ ಸಂಕ್ರಾಂತಿ ಹೊತ್ತಿಗೆ ನಡೆಯುವ ಸಿದ್ಧೇಶ್ವರ ಜಾತ್ರೆ ಮುಗಿದ ಮೇಲಿನ ವಾರ ಇಟ್ಟುಕೊಂಡಿದ್ದೇವೆ. ಜಾತ್ರೆ ಯಾರೂ ಮರೆಯುವುದಿಲ್ಲ, ಅದಕ್ಕೆ. ಮೂವತ್ತು ದಾಟಿದವರಿಗೆ ಬಿಪಿ, ಶುಗರ್, ಬಾಯಿ, ಹೆಣ್ಣುಮಕ್ಕಳಿಗೆ ಎದೆ ಮತ್ತು ಗರ್ಭಕಂಠ, ಇಷ್ಟನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆ ನೋಡುವ ಕಾರ್ಯಕ್ರಮ ಇದೆ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ಹತ್ತಿರದಲ್ಲಿ 'ನಮ್ಮ ಕ್ಲಿನಿಕ್' ಅನ್ನುವ ಸರ್ಕಾರಿ ದವಾಖಾನೆ ಇದ್ದರೆ ಅಲ್ಲಿಗೆ ಹೋಗಿ. ಮನೆಯಲ್ಲಿ ಯಾರಾದರೂ ತಂಬಾಕು, ಗುಟಖಾ ತಿನ್ನುತ್ತಿದ್ದರೆ ಬಾಯಿ ತೋರಿಸುವುದನ್ನು ತಪ್ಪಿಸಬೇಡಿ. ಬಿಳಿ ಕಲೆ, ವಾಸಿಯಾಗದ ಹುಣ್ಣು, ಬಾಯಿ ಪೂರ್ತಿ ತೆರೆಯಲು ಆಗದಿರುವುದು, ಇವನ್ನು ಬೇಗ ಹಿಡಿದರೆ ಜೀವ ಉಳಿಯುತ್ತದೆ. ನಿಮಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. "ಹೆಂಗಸರಿಗೆ ಅಷ್ಟೇ ಇರುತ್ತೆ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮಗನಿಗೆ ಐದು ತುಂಬಿದ ಮೇಲೆ ಡಿಪಿಟಿ ಬೂಸ್ಟರ್ ಲಸಿಕೆ ಇದೆ, ತಾಯಿ ಕಾರ್ಡ್ ಜೋಪಾನವಾಗಿ ಇಟ್ಟಿರಿ. ನೂರೆಂಟು ಟೆಸ್ಟಿನ ದೊಡ್ಡ ಪ್ಯಾಕೇಜ್ ಬೇಕಾಗಿಲ್ಲ ಅನ್ನುವುದು ನನ್ನ ಅನಿಸಿಕೆ. ಬೇಕಾದ ನಾಲ್ಕು ಟೆಸ್ಟ್ ಪ್ರತಿ ವರ್ಷ ತಪ್ಪದೆ ಆಗಲಿ. ಒಂದು ನೋಟ್‌ಬುಕ್ ಮಾಡಿ, ಒಬ್ಬೊಬ್ಬರಿಗೆ ಒಂದು ಪುಟ, ದಿನಾಂಕದ ಎದುರು ಸಂಖ್ಯೆ ಬರೆದಿಡಿ. ಎರಡು ವರ್ಷದ ಸಂಖ್ಯೆ ಪಕ್ಕ ಪಕ್ಕ ಇದ್ದರೆ ವೈದ್ಯರಿಗೆ ಎಷ್ಟು ಅನುಕೂಲ ಗೊತ್ತಾ!

ಅಪ್ಪ ಈಗ ಚೆನ್ನಾಗಿದ್ದಾರೆ. ಬದುವಿನ ಕಸವನ್ನು ಹೂ ಬಿಡುವ ಮೊದಲೇ, ಮಳೆ ಬಿದ್ದು ನೆಲ ಹಸಿ ಇರುವಾಗ ಕೈಗವಸು ಹಾಕಿದ ಆಳುಗಳಿಂದ ಕೀಳಿಸುತ್ತಾರೆ, ತಾವು ಆ ಕಡೆ ಹೋಗುವುದಿಲ್ಲ. ಹೊಲದಿಂದ ಬಂದ ಕೂಡಲೇ ಸ್ನಾನ, ಅಂಗಿ ಬದಲು. ಒಗೆದ ಬಟ್ಟೆಯನ್ನು ಹಿತ್ತಲ ಬೇಲಿಯ ಮೇಲೆ ಒಣಹಾಕುವುದನ್ನು ಅವ್ವ ನಿಲ್ಲಿಸಿದ್ದಾಳೆ, ಮಾಳಿಗೆಯ ಮೇಲೆ ಹಾಕುತ್ತಾಳೆ. ನಿಮ್ಮ ಹೊಸ ಮನೆಯ ಪಕ್ಕ ಖಾಲಿ ಸೈಟ್ ಇದ್ದರೆ ಆ ಗಿಡ ಇದೆಯಾ ಅಂತ ಒಮ್ಮೆ ನೋಡಿ.

ಅತ್ತೆಯನ್ನು ಕರೆದುಕೊಂಡು ಹೋಗಲು ಜಿಲ್ಲಾಸ್ಪತ್ರೆ ಇದೆ, ಬಿಎಲ್‌ಡಿಇ ಮೆಡಿಕಲ್ ಕಾಲೇಜಿನಲ್ಲೂ ಚರ್ಮರೋಗ ವಿಭಾಗ ಇದೆ. ಬೆಳಗ್ಗೆ ಬೇಗ ಹೋಗಿ. ಕಾಲಿಗೆ ಮೆಹಂದಿ, ಉಗುರಿಗೆ ಬಣ್ಣ ಏನೂ ಇರದಿರಲಿ. ಮನೆಯಲ್ಲಿ ಈವರೆಗೆ ಯಾರು ಯಾವ ಟ್ಯೂಬ್ ಹಚ್ಚಿದ್ದರೂ, ಖಾಲಿಯಾಗಿದ್ದರೂ ಸರಿ, ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಟೇಬಲ್ ಮೇಲೆ ಇಡಿ. ಬರುವಾಗ ಅತ್ತೆಯ ಬಿಪಿ, ಶುಗರ್ ಕೂಡ ಅಲ್ಲೇ ನೋಡಿಸಿಕೊಂಡು ಬನ್ನಿ.