ಮದುವೆಯಾದ ಮೇಲಿನ ಮೊದಲ ಕ್ರಿಸ್‌ಮಸ್ ರಜೆ: ಎರಡು ಮನೆ, ಕೇಕು-ಬಿಸ್ಕತ್ತು, ಓದು ಎಲ್ಲವನ್ನೂ ಹೊಂದಿಸುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಮದುವೆಯಾಗಿ ಇದೇ ಮೊದಲ ಕ್ರಿಸ್‌ಮಸ್, ಎರಡೂ ಕಡೆಯವರು ಬರಬೇಕೆಂದು ಕಾಯುತ್ತಿದ್ದಾರೆ, ಅಂಗಡಿಯಿಂದ ತರುವ ಬದಲು ಕೈಯಾರೆ ಮಾಡಿದ್ದನ್ನೇ ಒಯ್ಯಬೇಕು, ಇಬ್ಬರಿಗೂ ಓದಿನ ಹುಚ್ಚಿದೆ ಆದರೆ ಪ್ರತಿ ರಜೆಯಲ್ಲೂ ಪುಸ್ತಕ ಚೀಲದಲ್ಲೇ ಹೋಗಿ ಚೀಲದಲ್ಲೇ ವಾಪಸು ಬರುತ್ತದೆ. ಇಷ್ಟಕ್ಕೂ ನಾನು ಹೇಳುವ ಉಪಾಯ ಒಂದೇ. ಡಿಸೆಂಬರ್ 25ರಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಕೇಕಿಗೆ ಐದು ವಾರ ಬೇಕು, ಪುಸ್ತಕ ತರಿಸಲು ಮೂರು ವಾರ ಬೇಕು, ಬಿಸ್ಕತ್ತಿಗೆ ಎರಡು ದಿನ ಸಾಕು. ಎಲ್ಲವನ್ನೂ ಡಿಸೆಂಬರ್ 20ಕ್ಕೆ ಶುರು ಮಾಡಿದರೆ ಮಾತ್ರ ಒದ್ದಾಟ.

ಮನೆಗಳ ಲೆಕ್ಕ ಮೊದಲು, ಏಕೆಂದರೆ ಏನು ಮಾಡಬೇಕು, ಎಷ್ಟು ಮಾಡಬೇಕು ಎನ್ನುವುದು ಅದರ ಮೇಲೆ ನಿಂತಿದೆ. ಅಕ್ಟೋಬರ್ ಮುಗಿಯುವುದರೊಳಗೆ ನೀವಿಬ್ಬರೇ ಕೂತು ತೀರ್ಮಾನ ಮಾಡಿ, ಹಿರಿಯರಿಗೆ ಆಮೇಲೆ ತಿಳಿಸಿ. ಫೋನಿನಲ್ಲಿ ಅಮ್ಮನಿಗೆ 'ನೋಡೋಣ ಅಮ್ಮ' ಎಂದು ಹೇಳಿಬಿಟ್ಟು ಆಮೇಲೆ ಸಂಗಾತಿಯ ಹತ್ತಿರ ಮಾತೆತ್ತಿದರೆ ಕೆಲಸ ಕೆಟ್ಟಿತು, ಆ 'ನೋಡೋಣ' ಅಲ್ಲಿ 'ಬರ್ತಾರೆ' ಎಂದೇ ಜಮೆಯಾಗಿರುತ್ತದೆ. ನಿಮ್ಮ ಅಪ್ಪ-ಅಮ್ಮನಿಗೆ ನೀವೇ ಹೇಳಿ, ಅವರ ಅಪ್ಪ-ಅಮ್ಮನಿಗೆ ಅವರೇ ಹೇಳಲಿ. 'ಈ ಸಲ ಆಗಲ್ಲ' ಎಂಬ ಮಾತು ಮಗನಿಂದಲೋ ಮಗಳಿಂದಲೋ ಬಂದರೆ ಬೇಸರ ಎರಡು ದಿನದ್ದು. ಅದೇ ಮಾತು ಅಳಿಯನ ಅಥವಾ ಸೊಸೆಯ ಬಾಯಿಂದ ಬಂದರೆ ವರ್ಷಗಟ್ಟಲೆ ನೆನಪಿರುತ್ತದೆ. 'ಅವಳಿಗೆ ಇಷ್ಟವಿಲ್ಲ', 'ಅವನು ಬೇಡ ಅಂದ' ಎನ್ನುವುದು ಬೇಡವೇ ಬೇಡ. 'ನಾವು ಹೀಗೆ ಅಂದುಕೊಂಡಿದ್ದೇವೆ' ಎಂದರೆ ಸಾಕು.

ಎರಡೂ ಮನೆ ಒಂದೇ ಊರಲ್ಲಿದ್ದರೆ 24ರ ಸಂಜೆ ಒಂದು ಕಡೆ, 25ರ ಮಧ್ಯಾಹ್ನದ ಊಟ ಇನ್ನೊಂದು ಕಡೆ. ನಡುವೆ ಮೂರು ಗಂಟೆಗಿಂತ ಹೆಚ್ಚಿನ ದಾರಿಯಿದ್ದರೆ ಒಂದೇ ದಿನ ಎರಡೂ ಕಡೆ ಮುಖ ತೋರಿಸುವ ಸಾಹಸ ಬೇಡ, ಎರಡೂ ಕಡೆ ಅರ್ಧ ಊಟ, ಪೂರ್ತಿ ಸುಸ್ತು. ಆಗ ಕ್ರಿಸ್‌ಮಸ್ ಒಂದು ಮನೆಗೆ, ಹೊಸ ವರ್ಷ ಇನ್ನೊಂದಕ್ಕೆ, ಮುಂದಿನ ವರ್ಷ ಅದಲು ಬದಲು. ಒಂದು ಮನೆಯವರು ಹಳೆಯ ಜೂಲಿಯನ್ ಪಂಚಾಂಗ ಅನುಸರಿಸುವ ಆರ್ಥಡಾಕ್ಸ್ ಸಭೆಯವರಾಗಿದ್ದರೆ ಅದೃಷ್ಟವಂತರು ನೀವು, ಅವರ ಕ್ರಿಸ್‌ಮಸ್ ಬರುವುದೇ ಜನವರಿ 7ಕ್ಕೆ. ಒಂದು ಎಚ್ಚರಿಕೆ: ಮೊದಲ ವರ್ಷ ಮಾಡಿದ್ದೇ ಪದ್ಧತಿಯಾಗುತ್ತದೆ. ಅದಲು ಬದಲು ಮಾಡುವ ಮನಸ್ಸಿದ್ದರೆ ಈ ವರ್ಷವೇ ಬಾಯಿಬಿಟ್ಟು ಹೇಳಿ. ಬರುವ ಹೊತ್ತಿನ ಜೊತೆಗೆ ಹೊರಡುವ ಹೊತ್ತನ್ನೂ ಮೊದಲೇ ತಿಳಿಸಿ. ಹೊರಡುವ ದಿನ ಬೆಳಿಗ್ಗೆ ಅದನ್ನು ಹೇಳಿದರೆ ಮನೆಬಿಟ್ಟು ಓಡಿದಂತೆ ಕಾಣುತ್ತದೆ.

ಇನ್ನು ಕೇಕು. ಹಣ್ಣಿನ ಕೇಕನ್ನು ಹಬ್ಬದ ಹಿಂದಿನ ದಿನ ಮಾಡುವುದು ದಂಡ, ಅದು ಹಳತಾದಷ್ಟೂ ರುಚಿ. ಇಂಗ್ಲೆಂಡಿನಲ್ಲಿ ಆಗಮನ ಕಾಲಕ್ಕೆ (ಅಡ್ವೆಂಟ್, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ಸುಮಾರು ನಾಲ್ಕು ವಾರದ ಸಿದ್ಧತೆಯ ಕಾಲ) ಹಿಂದಿನ ಭಾನುವಾರವೇ ಹಣ್ಣಿನ ಪುಡಿಂಗ್ ಕಲಸುವ ವಾಡಿಕೆ ಬೆಳೆದದ್ದು ಇದೇ ಕಾರಣಕ್ಕೆ. ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬೀಳುತ್ತದೆ, ಹಾಗಾಗಿ ಕೇಕಿನ ಕೆಲಸ ನವೆಂಬರ್ ಮೂರನೆಯ ವಾರಕ್ಕೆ ಇಟ್ಟುಕೊಳ್ಳಿ.

20 ಸೆಂಟಿಮೀಟರ್ ಅಗಲದ, ಆಳವಾದ ದುಂಡು ತಟ್ಟೆಗೆ ಅಳತೆ ಹೀಗೆ: ಮೈದಾ 225 ಗ್ರಾಂ, ಉಪ್ಪಿಲ್ಲದ ಬೆಣ್ಣೆ 225 ಗ್ರಾಂ, ಕಂದು ಸಕ್ಕರೆ 225 ಗ್ರಾಂ, ಮೊಟ್ಟೆ 4, ಒಣ ಹಣ್ಣು ಎಲ್ಲ ಸೇರಿ 900 ಗ್ರಾಂ. ಹಣ್ಣಿನಲ್ಲಿ ಮುಕ್ಕಾಲು ಪಾಲು ಬಗೆಬಗೆಯ ಒಣದ್ರಾಕ್ಷಿ ಇರಲಿ, ಉಳಿದದ್ದಕ್ಕೆ ಸಣ್ಣಗೆ ಹೆಚ್ಚಿದ ಅಂಜೂರ, ಚೆರ್ರಿ, ಸಕ್ಕರೆಪಾಕದ ಕಿತ್ತಳೆ ಸಿಪ್ಪೆ. ಚಕ್ಕೆ, ಲವಂಗ, ಜಾಯಿಕಾಯಿ ಪುಡಿ ಒಟ್ಟು ಒಂದು ಟೀ ಚಮಚ, ಚಿಟಿಕೆ ಉಪ್ಪು. ಹಿಂದಿನ ರಾತ್ರಿ ಹಣ್ಣಿಗೆ 100 ಮಿಲಿ ರಮ್ ಅಥವಾ ಬ್ರಾಂದಿ ಹಾಕಿ ಮುಚ್ಚಿಡಿ. ಮದ್ಯ ಬೇಡವೆಂದರೆ ಅಷ್ಟೇ ಕಿತ್ತಳೆ ರಸ. ಬೆಳಿಗ್ಗೆ ತಳದಲ್ಲಿ ನೀರು ನಿಂತಿದ್ದರೆ ಬಸಿದುಬಿಡಿ, ಹಣ್ಣು ತೇವವಾಗಿರಬೇಕೇ ಹೊರತು ಈಜಬಾರದು.

ಬೆಣ್ಣೆ, ಮೊಟ್ಟೆ ಎರಡನ್ನೂ ಎರಡು ಗಂಟೆ ಮೊದಲೇ ಫ್ರಿಜ್ಜಿನಿಂದ ಹೊರಗಿಡಿ. ಬೆಣ್ಣೆ-ಸಕ್ಕರೆಯನ್ನು ಬಣ್ಣ ತಿಳಿಯಾಗಿ ಹಗುರಾಗುವವರೆಗೆ ನೊರೆಯುಕ್ಕಿಸಿ, ಕದಡಿದ ಮೊಟ್ಟೆಯನ್ನು ಚಮಚ ಚಮಚವಾಗಿ ಸೇರಿಸಿ. ತಣ್ಣನೆಯ ಮೊಟ್ಟೆಯನ್ನು ಒಮ್ಮೆಗೇ ಸುರಿದರೆ ಮಿಶ್ರಣ ಒಡೆಯುತ್ತದೆ. ಒಡೆಯುವ ಲಕ್ಷಣ ಕಂಡ ಕೂಡಲೇ ಅಳೆದಿಟ್ಟ ಮೈದಾದಲ್ಲೇ ಒಂದು ಚಮಚ ಹಾಕಿ, ಕೂಡಿಕೊಳ್ಳುತ್ತದೆ. ಆಮೇಲೆ ಮೈದಾ, ಮಸಾಲೆ, ಕೊನೆಗೆ ಹಣ್ಣು, ಸೌಟಿನಿಂದ ಮಗುಚಿದರೆ ಸಾಕು, ಬೀಟರ್ ಬೇಡ. ಬೇಕಿಂಗ್ ಪೌಡರ್ ಕೂಡ ಬೇಡ. ಹಣ್ಣೆಲ್ಲ ತಳ ಸೇರಿತು ಎಂದು ದೂರುವವರಲ್ಲಿ ಅನೇಕರು ಅದನ್ನು ಹಾಕಿರುತ್ತಾರೆ, ಇಲ್ಲವೇ ಹಿಟ್ಟನ್ನು ಹಾಲು ಹಾಕಿ ತೆಳ್ಳಗೆ ಮಾಡಿರುತ್ತಾರೆ. ಹಿಟ್ಟು ಸೌಟಿನಿಂದ ತಾನಾಗಿ ಜಾರಬಾರದು, ಕೊಡವಿದರೆ ಬೀಳುವಷ್ಟು ಗಟ್ಟಿಯಿರಬೇಕು.

ತಟ್ಟೆಯ ಒಳಗೆ ಎರಡು ಸುತ್ತು ಬೇಕಿಂಗ್ ಪೇಪರ್, ಹೊರಗೆ ಎರಡು ಸುತ್ತು ದಪ್ಪ ಕಂದು ಕಾಗದ ಸುತ್ತಿ ದಾರದಿಂದ ಕಟ್ಟಿ. ಇದನ್ನು ಬಿಟ್ಟರೆ ನಡುಭಾಗ ಬೇಯುವಷ್ಟರಲ್ಲಿ ಅಂಚು ಒಣಗಿ ಕರಕಲಾಗುತ್ತದೆ. 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ನಾಲ್ಕು ಗಂಟೆ. ಫ್ಯಾನ್ ಇರುವ ಓವನ್ ಆದರೆ 10-20 ಡಿಗ್ರಿ ಕಡಿಮೆ. ಮೂರು ಗಂಟೆ ಕಳೆಯುವವರೆಗೆ ಬಾಗಿಲು ತೆಗೆಯಬೇಡಿ, ಬೇಗ ತೆರೆದರೆ ನಡು ಕುಸಿಯುತ್ತದೆ. ಆಮೇಲೆ ಅರ್ಧ ಗಂಟೆಗೊಮ್ಮೆ ನಡುವಿಗೆ ಕಡ್ಡಿ ಚುಚ್ಚಿ ನೋಡಿ, ಹಸಿ ಹಿಟ್ಟು ಅಂಟದೆ ಬರಬೇಕು. ದ್ರಾಕ್ಷಿಗೆ ಚುಚ್ಚಿದ ಕಡ್ಡಿ ಯಾವಾಗಲೂ ಅಂಟಂಟೇ, ಮೋಸ ಹೋಗಬೇಡಿ, ಬೇರೆ ಜಾಗದಲ್ಲಿ ಇನ್ನೊಮ್ಮೆ ಚುಚ್ಚಿ. ಚಿಕ್ಕ ಓವನ್‌ಗಳ ಗುಂಡಿ ತೋರಿಸುವ ಶಾಖ ಬೇರೆ, ಒಳಗಿನ ಶಾಖ ಬೇರೆ. ಒಳಗಿಡುವ ಥರ್ಮಾಮೀಟರ್ ಒಂದನ್ನು ಕೊಂಡರೆ ಅರ್ಧ ತಾಪತ್ರಯ ಮುಗಿಯಿತು.

ಪೂರ್ತಿ ಆರಿದ ಮೇಲೆ ಮೊದಲು ಬೇಕಿಂಗ್ ಪೇಪರ್, ಅದರ ಮೇಲೆ ಫಾಯಿಲ್. ಫಾಯಿಲನ್ನೇ ನೇರ ಸುತ್ತಿದರೆ ಹಣ್ಣಿನ ಹುಳಿ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಮದ್ಯ ಹಾಕಿದ ಕೇಕಾದರೆ ವಾರಕ್ಕೊಮ್ಮೆ ಮೇಲೆ ಸಣ್ಣ ತೂತು ಚುಚ್ಚಿ ಒಂದೆರಡು ದೊಡ್ಡ ಚಮಚ ಉಣಿಸಿ, ಹೆಚ್ಚಾದರೆ ಪಿಚಪಿಚ. ಕಿತ್ತಳೆ ರಸದ ಕೇಕಿಗೆ ಈ ಐದು ವಾರದ ಲೆಕ್ಕ ಅನ್ವಯಿಸುವುದಿಲ್ಲ, ಅದಕ್ಕೆ ಉಣಿಸಲೂಬೇಡಿ, ಬೂಸ್ಟು ಬರುತ್ತದೆ. ಅದನ್ನು ಹಬ್ಬಕ್ಕೆ ವಾರವಿದೆ ಎನ್ನುವಾಗ ಮಾಡಿ ಫ್ರಿಜ್ಜಿನಲ್ಲಿಡಿ, ಅಥವಾ ನವೆಂಬರಿನಲ್ಲೇ ಮಾಡಿ ಫ್ರೀಜರಿಗೆ ಹಾಕಿ.

ಬಿಸ್ಕತ್ತು ಇದಕ್ಕಿಂತ ಸುಲಭ. ಸಕ್ಕರೆ ಒಂದು ಪಾಲು, ಬೆಣ್ಣೆ ಎರಡು, ಮೈದಾ ಮೂರು, ಎಲ್ಲವೂ ತೂಕದ ಲೆಕ್ಕ: 100, 200, 300 ಗ್ರಾಂ. ಲೋಟದಲ್ಲಿ ಅಳೆಯಬೇಡಿ, ಮೈದಾವನ್ನು ಒತ್ತಿ ತುಂಬಿದರೆ ಒಂದು ತೂಕ, ಉದುರಿಸಿ ತುಂಬಿದರೆ ಇನ್ನೊಂದು. ಹಿಟ್ಟು ಉಂಡೆಯಾದ ಕೂಡಲೇ ನಿಲ್ಲಿಸಿ. ನಾದಿದಷ್ಟೂ ಅಂಟು ಬಲಿತು ಬಿಸ್ಕತ್ತು ಗಡುಸಾಗುತ್ತದೆ. ಕೊಳವೆಯಂತೆ ಉರುಳಿಸಿ, ಕಾಗದ ಸುತ್ತಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿ 160-170 ಡಿಗ್ರಿಯಲ್ಲಿ 15ರಿಂದ 20 ನಿಮಿಷ. ಅಂಚು ಹೊಂಬಣ್ಣಕ್ಕೆ ತಿರುಗಿದರೆ ಹೊರಗೆ ತೆಗೆಯಿರಿ. ಆಗ ಮೆತ್ತಗೇ ಇರುತ್ತದೆ, ಆರುತ್ತಾ ಗರಿಯಾಗುತ್ತದೆ. ಹರಡಿ ಒಂದಕ್ಕೊಂದು ಅಂಟಿದರೆ ಬೆಣ್ಣೆ ಕರಗುವಷ್ಟು ಬೆಚ್ಚಗಿತ್ತು, ಅಥವಾ ಎರಡನೆಯ ಸುತ್ತಿನ ಹಿಟ್ಟನ್ನು ಬಿಸಿ ತಟ್ಟೆಯ ಮೇಲೇ ಇಟ್ಟಿರಿ ಎಂದರ್ಥ.

ಹೊಸ ಜೋಡಿಗೆ ನಾನು ಕೊಡುವ ಸಲಹೆ, ಇದೇ ಹಿಟ್ಟಿನ ಕೊಳವೆಗಳನ್ನು ನವೆಂಬರಿನಲ್ಲೇ ಮಾಡಿ ಫ್ರೀಜರಿನಲ್ಲಿಡಿ, ಎರಡು ಮೂರು ತಿಂಗಳು ಕೆಡುವುದಿಲ್ಲ. ಹೊರಡುವ ಎರಡು ದಿನ ಮೊದಲು ಕತ್ತರಿಸಿ, ತಣ್ಣಗಿರುವಾಗಲೇ ಓವನ್ನಿಗೆ ಹಾಕಿ, ಎರಡು ನಿಮಿಷ ಹೆಚ್ಚು ಕೊಟ್ಟರಾಯಿತು. ದಾರಿ ಚಿಕ್ಕದಾಗಿದ್ದು ಅತ್ತೆ-ಮಾವನ ಮನೆಯಲ್ಲಿ ಓವನ್ ಇದ್ದರೆ ಹಿಟ್ಟನ್ನೇ ತಣ್ಣನೆಯ ಡಬ್ಬಿಯಲ್ಲಿ ಒಯ್ಯಿರಿ. ಬೆಣ್ಣೆಯ ಘಮ ಅಡುಗೆಮನೆಯಿಂದ ಹಾಲ್‌ಗೆ ಬರುವ ಹೊತ್ತಿಗೆ ಹೊಸ ಅಳಿಯನ, ಹೊಸ ಸೊಸೆಯ ಸಂಕೋಚವೂ ಅರ್ಧ ಕರಗಿರುತ್ತದೆ.

ಕೇಕು, ಬಿಸ್ಕತ್ತು ಎರಡನ್ನೂ ಒಂದೇ ಡಬ್ಬಿಗೆ ಹಾಕಬೇಡಿ. ಕೇಕಿನ ತೇವವನ್ನು ಬಿಸ್ಕತ್ತು ಎಳೆದುಕೊಂಡು ಒಂದೇ ರಾತ್ರಿಗೆ ಮೆತ್ತಗಾಗುತ್ತದೆ, ಕೇಕು ಒಣಗುತ್ತದೆ. ಬಿಸ್ಕತ್ತು ಚೂರೂ ಬಿಸಿ ಇರುವಾಗ ಮುಚ್ಚಳ ಹಾಕಿದರೂ ಅದೇ ಗತಿ. ಪ್ರಯಾಣದಲ್ಲಿ ಬಿಸ್ಕತ್ತು ಪುಡಿಯಾಗುವುದು ಡಬ್ಬಿ ತುಂಬಿದ್ದರಿಂದಲ್ಲ, ಖಾಲಿ ಜಾಗ ಇರುವುದರಿಂದ. ಸಂದಿಗಳಿಗೆ ಮುದುಡಿದ ಕಾಗದ ತುರುಕಿ. ಚಾಕೊಲೇಟು ಮೆತ್ತಿದ್ದನ್ನು ಬಿಸಿಲಲ್ಲಿ ನಿಲ್ಲುವ ಕಾರಿನಲ್ಲಿ ಬಿಡಬೇಡಿ, ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ, ಮತ್ತೆ ಗಟ್ಟಿಯಾಗುವಾಗ ಮೇಲೆ ಬಿಳಿ ಪೊರೆ ಮೂಡುತ್ತದೆ. ತಿನ್ನಲು ತೊಂದರೆಯಿಲ್ಲ, ನೋಡಲು ಚೆನ್ನಾಗಿರುವುದಿಲ್ಲ ಅಷ್ಟೆ. ಪ್ರತಿ ಡಬ್ಬಿಯ ಮೇಲೂ ಮೂರು ಸಂಗತಿ ಬರೆದಂಟಿಸಿ: ಮೊಟ್ಟೆ, ಬೀಜಗಳು, ಮದ್ಯ, ಯಾವುದು ಇದೆ, ಯಾವುದು ಇಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬಾದಾಮಿ, ಗೋಡಂಬಿ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಜೇನು ಹಾಕಿದ್ದು ಒಂದು ವರ್ಷದೊಳಗಿನ ಕೂಸಿಗೆ ಬೇಡವೇ ಬೇಡ.

ಇನ್ನು ಓದು. 'ಸಮಯ ಸಿಕ್ಕಾಗ ಓದೋಣ' ಎಂದುಕೊಂಡರೆ ಆ ಸಮಯ ಸಿಕ್ಕುವುದಿಲ್ಲ, ನೆಂಟರಿಷ್ಟರು ತುಂಬಿದ ಮನೆಯಲ್ಲಂತೂ ಇಲ್ಲವೇ ಇಲ್ಲ. ಮಧ್ಯಾಹ್ನ ಊಟವಾಗಿ ಹಿರಿಯರು ಅಡ್ಡಾಗುವ ಒಂದು ಗಂಟೆಯನ್ನು ಮೊದಲ ದಿನವೇ ಹಿಡಿದುಕೊಳ್ಳಿ. ಕೋಣೆಯ ಬಾಗಿಲು ಹಾಕಿಕೊಂಡು ಓದಬೇಡಿ, ಎಲ್ಲರೂ ಕೂರುವ ಕಡೆಯೇ ಕೂತು ಓದಿ. ಇದು ಬರೀ ಮರ್ಯಾದೆಯ ಮಾತಲ್ಲ, ಒಬ್ಬರು ಓದುತ್ತಾ ಕೂತರೆ ಇನ್ನೊಬ್ಬರೂ ಪತ್ರಿಕೆ ಎತ್ತಿಕೊಳ್ಳುತ್ತಾರೆ. ರಜೆಗೆ ಕಾಗದದ ಪುಸ್ತಕವನ್ನೇ ಒಯ್ಯಿರಿ. ಫೋನಿನಲ್ಲಿ ನೀವು ಎಂಥ ಗ್ರಂಥ ಓದುತ್ತಿದ್ದರೂ ನೋಡುವವರಿಗೆ ನೀವು ಫೋನ್ ಉಜ್ಜುತ್ತಿರುವವರೇ.

ಇಬ್ಬರೂ ಸೇರಿ ಗಟ್ಟಿಯಾಗಿ ಓದುವುದಾದರೆ ಪುಸ್ತಕವನ್ನು ಅಳೆದು ಆರಿಸಿ. ನಿಮ್ಮ ಮಾಮೂಲಿ ವೇಗದಲ್ಲಿ ಮೂರು ಪುಟ ಓದಿ, ಗಡಿಯಾರ ನೋಡಿ, ಮೂರರಿಂದ ಭಾಗಿಸಿ. ಪುಟಕ್ಕೆ ಎರಡೂವರೆ ನಿಮಿಷ ಬಂದರೆ ಅರ್ಧ ಗಂಟೆಗೆ 12 ಪುಟ. ಕ್ರಿಸ್‌ಮಸ್‌ನಿಂದ ಜನವರಿ 5ರವರೆಗಿನ 12 ರಾತ್ರಿಗೆ 144 ಪುಟ. ಅಂದರೆ 140 ಪುಟದ ಕಿರು ಕಾದಂಬರಿ ಸರಿಹೊಂದುತ್ತದೆ, 400 ಪುಟದ್ದು ಜನವರಿ ಕೊನೆಯವರೆಗೂ ಎಳೆಯುತ್ತದೆ. ಜನ ಬಂದು ಹೋಗುವ ಮನೆಯಾದರೆ ಕಾದಂಬರಿಗಿಂತ ಕಥಾಸಂಕಲನ ವಾಸಿ, ಒಂದೇ ಕೂತಿಗೆ ಮುಗಿಯುವ 10-12 ಪುಟದ ಕಥೆಗಳು. ನಿನ್ನೆ ಇರದಿದ್ದವರೂ ಇವತ್ತು ಕೂತು ಕೇಳಬಹುದು. ಓದುವವರನ್ನು ಪುಟದ ಕೊನೆಗೆ ಬದಲಿಸಬೇಡಿ, ಸನ್ನಿವೇಶ ಮುಗಿದಾಗ ಬದಲಿಸಿ. ಪಾತ್ರಕ್ಕೊಂದು ದನಿ ಮಾಡುವ ಉಮೇದು ಬೇಡ, ಹತ್ತು ನಿಮಿಷಕ್ಕೆ ಗಂಟಲು ಬೀಳುತ್ತದೆ. ನಿಧಾನವಾಗಿ, ಸ್ಪಷ್ಟವಾಗಿ ಓದಿದರೆ ಸಾಕು. ದೀಪ ಎದುರಿಗಲ್ಲ, ಭುಜದ ಹಿಂದಿರಲಿ.

ಉಡುಗೊರೆಗೂ ಪುಸ್ತಕವೇ ಒಳ್ಳೆಯದು. ಐಸ್‌ಲ್ಯಾಂಡಿನಲ್ಲಿ 1944ರಿಂದ ಕ್ರಿಸ್‌ಮಸ್‌ಗೆ ಮುಂಚೆ ಹೊಸ ಪುಸ್ತಕಗಳ ಪಟ್ಟಿಯೊಂದು ಪ್ರಕಟವಾಗುತ್ತಾ ಬಂದಿದೆ, ಬಹುಕಾಲ ಅದನ್ನು ಮನೆಮನೆಗೂ ಹಂಚುತ್ತಿದ್ದರು. ಜನ ಅದರಲ್ಲಿ ಗುರುತು ಹಾಕಿ ಹಬ್ಬಕ್ಕೆ ಒಬ್ಬರಿಗೊಬ್ಬರು ಪುಸ್ತಕ ಕೊಡುತ್ತಾರೆ. ಇದನ್ನು ಮನೆಯ ಮಟ್ಟಿಗೆ ನೀವೂ ಮಾಡಬಹುದು: ನವೆಂಬರ್ ಕೊನೆಗೆ ಎರಡೂ ಮನೆಯವರಿಂದ ತಲಾ ಮೂರು ಹೆಸರು ಬರೆಸಿಕೊಳ್ಳಿ, ಅದರಲ್ಲಿ ಒಂದನ್ನು ಕೊಡಿ. ಯಾವುದು ಎಂಬ ಕುತೂಹಲ ಉಳಿಯುತ್ತದೆ, ಇರುವುದನ್ನೇ ಕೊಟ್ಟ ಪೇಚಾಟವಿಲ್ಲ. ಡಿಸೆಂಬರ್ ಮೊದಲ ವಾರದೊಳಗೆ ತರಿಸಿ, ಕೇಳಿದ ಪುಸ್ತಕದ ಪ್ರತಿ ಮುಗಿದಿದ್ದರೆ ಬೇರೆ ನೋಡಲು ವೇಳೆ ಇರುತ್ತದೆ. ವಯಸ್ಸಾದವರಿಗೆ ಕೊಡುವುದಾದರೆ ಅಂಗಡಿಯಲ್ಲೇ ಒಂದು ಪುಟ ಬಿಚ್ಚಿ ಅಕ್ಷರದ ಗಾತ್ರ ನೋಡಿ.

ತಿನ್ನುತ್ತಾ ಓದುವವರಿಗೆ ಕೊನೆಯದೊಂದು. ಸಕ್ಕರೆ ಪುಡಿ ಉದುರುವಂಥದ್ದನ್ನೂ ಕೇಕನ್ನೂ ಓದುವಾಗ ದೂರವಿಡಿ, ಒಂದೇ ತುತ್ತಿಗೆ ಬಾಯಿಗೆ ಹೋಗುವ ಬಿಸ್ಕತ್ತು ಇರಲಿ, ಪಕ್ಕದಲ್ಲಿ ಒರಸುವ ಬಟ್ಟೆ. ಆದರೂ ಪುಟಕ್ಕೆ ಬೆಣ್ಣೆ ತಾಗಿದರೆ ಉಜ್ಜಬೇಡಿ, ಕಲೆ ಹರಡುತ್ತದೆ. ಟಿಶ್ಯೂ ಕಾಗದ ಒತ್ತಿ ಹೀರಿಸಿ, ಪುಟದ ಎರಡೂ ಬದಿಗೆ ಜೋಳದ ಪಿಷ್ಟ, ಅಂದರೆ ಕಾರ್ನ್‌ಫ್ಲೋರ್, ಉದುರಿಸಿ, ಆಚೀಚೆ ಬಿಳಿ ಹಾಳೆ ಇಟ್ಟು ಮೇಲೆ ಭಾರ ಹೇರಿ. ಮರುದಿನ ಮೆತ್ತಗಿನ ಬ್ರಷ್ಷಿನಿಂದ ಕೊಡವಿ, ಬೇಕಾದರೆ ಇನ್ನೊಮ್ಮೆ ಮಾಡಿ. ತಾಜಾ ಕಲೆ ಬಹುಪಾಲು ಹೋಗುತ್ತದೆ, ವಾರ ಕಳೆದದ್ದು ಹೋಗುವುದಿಲ್ಲ. ಎರವಲು ತಂದ ಪುಸ್ತಕವಾಗಿದ್ದರೆ ಹೊಸ ಪ್ರತಿ ಕೊಂಡು ಕೊಡಿ.