ಕಾಸರಗೋಡಿನ ಕನ್ನಡ ಶಾಲೆಗೆ ತರಬೇತಿಗೆ ಬರುವವರಿಗೆ: ಮಕ್ಕಳ ಓದು, ಉಕ್ತಲೇಖನ ನೋಡುವುದು ಹೇಗೆ

ಘಟ್ಟದ ಮೇಲಿಂದ ಬಂದ ಕೆಲವರು ಇಲ್ಲಿನ ಎರಡನೇ ತರಗತಿಯ ಉಕ್ತಲೇಖನ ನೋಡಿ "ಈ ಮಕ್ಕಳಿಗೆ ಕನ್ನಡವೇ ಬರುವುದಿಲ್ಲ" ಎಂದುಬಿಡುತ್ತಾರೆ. ಹಾಗೆ ಹೇಳುವ ಮೊದಲು ಬೆಂಚಿನಲ್ಲಿ ಕೂತವರು ಯಾರೆಂದು ತಿಳಿಯಬೇಕು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಉಳಿದಿವೆ, ಪಾಠಪುಸ್ತಕ ಮಾತ್ರ ಕೇರಳದ್ದು. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಒಂದೇ ತರಗತಿಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಮನೆಮಾತಿನ ಮಕ್ಕಳು ಸಿಗುತ್ತಾರೆ. ಇವರಲ್ಲಿ ಹಲವರಿಗೆ ಪುಸ್ತಕದ ಕನ್ನಡ ಶಾಲೆಗೆ ಬಂದ ಮೇಲೆ ಕಿವಿಗೆ ಬಿದ್ದ ಭಾಷೆ. ಆದ್ದರಿಂದ ಮೊದಲ ಕೆಲಸ, ಹಾಜರಿ ಪಟ್ಟಿಯ ಪಕ್ಕದಲ್ಲಿ ಪ್ರತಿ ಮಗುವಿನ ಮನೆಮಾತು ಬರೆದುಕೊಳ್ಳುವುದು. ಅದಿಲ್ಲದಿದ್ದರೆ ಮುಂದೆ ಕಾಣುವ ತಪ್ಪುಗಳ ಬೇರು ಸಿಗುವುದಿಲ್ಲ.

ಉಕ್ತಲೇಖನಕ್ಕೆ ಹತ್ತು ಪದ ಸಾಕು, ಆದರೆ ನೋಡಿ ಆರಿಸಿದ ಹತ್ತು. ಮರ, ಗರಗಸ ಸರಳ ಪದಗಳು. ದೀರ್ಘಕ್ಕೆ ಕಾಗೆ, ದೋಣಿ. ಸಜಾತಿ ಒತ್ತಿಗೆ ಅಕ್ಕಿ, ಹಣ್ಣು. ವಿಜಾತಿಗೆ ಪುಸ್ತಕ, ಚಕ್ರ. ಸೊನ್ನೆಗೆ ತೆಂಗು, ಅರ್ಕಾವತ್ತಿಗೆ ಸೂರ್ಯ. ಪದ ಹೇಳಿ, ಅದಿರುವ ಸಣ್ಣ ವಾಕ್ಯ ಹೇಳಿ, ಮತ್ತೆ ಪದ ಹೇಳಿ. "ಪು... ಸ್ತ... ಕ" ಎಂದು ಬಿಡಿಸಿ ಎಳೆದರೆ ಉತ್ತರ ನೀವೇ ಹೇಳಿಕೊಟ್ಟಂತೆ. ಜೂನ್, ಜುಲೈಯಲ್ಲಿ ಜಡಿಮಳೆ ಹೊಡೆಯುವಾಗ ಉಕ್ತಲೇಖನ ಬೇಡವೇ ಬೇಡ. ಮಾಡಿನ ಮೇಲಿನ ಸದ್ದಿಗೆ ಹಿಂದಿನ ಬೆಂಚಿನವರಿಗೆ ಒತ್ತು ಕೇಳಿಸುವುದಿಲ್ಲ, ಕೇಳಿಸದ್ದನ್ನು ಮಗುವಿನ ತಪ್ಪೆಂದು ಬರೆಯಬಾರದು.

ಅಂಕವನ್ನು ಪದಕ್ಕೆ ಕೊಡಬೇಡಿ, ಅಕ್ಷರಕ್ಕೆ ಕೊಡಿ. "ಪುತಕ" ಎಂದು ಬರೆದ ಮಗುವಿಗೆ ಸೊನ್ನೆಯಲ್ಲ, ಮೂರರಲ್ಲಿ ಎರಡು.

ನಿಜವಾದ ಕೆಲಸ ಇರುವುದು ತಪ್ಪುಗಳನ್ನು ಬೇರೆಬೇರೆ ಮಾಡುವುದರಲ್ಲಿ. "ಹಣ್ಣು" ಎಂದದ್ದನ್ನು ಒಬ್ಬಳು "ಹನ್ನು" ಎಂದು ಬರೆದಳು, ಇನ್ನೊಬ್ಬ "ಹಣು" ಎಂದು ಬರೆದ ಎಂದುಕೊಳ್ಳಿ. ಕೆಂಪು ಗೆರೆ ಎಳೆದರೆ ಎರಡೂ ಒಂದೇ. ಆದರೆ ಮೊದಲನೆಯವಳಿಗೆ ಒತ್ತು ಗೊತ್ತು, ಅದನ್ನು ಎಲ್ಲಿ ಹಾಕಬೇಕೆಂಬುದೂ ಗೊತ್ತು. ಬಹಳ ಮನೆಗಳ ತುಳುವಿನಲ್ಲಿ ಣ, ಳ ಇರುವ ಕಡೆ ನ, ಲ ಬರುತ್ತವೆ. ಅವಳು ತನ್ನ ಬಾಯಿಗೆ ಬಂದಂತೆ ಸರಿಯಾಗಿಯೇ ಬರೆದಿದ್ದಾಳೆ. ಎರಡನೆಯವನಿಗೆ ಬೇಕಾದದ್ದು ಒತ್ತಕ್ಷರದ ಪಾಠ. ಮೊದಲನೆಯವಳಿಗೆ ಬೇಕಾದದ್ದು ಕಿವಿಯ ಪಾಠ: ಮನೆ–ಮಣೆ, ಬೆಲೆ–ಬೆಳೆ ಮುಂತಾದ ಜೋಡಿಗಳ ಚಿತ್ರ ಇಟ್ಟು, ನೀವು ಹೇಳಿದ್ದನ್ನು ಮುಟ್ಟಿ ತೋರಿಸಲು ಹೇಳಿ. ಕಿವಿ ಬೇರ್ಪಡಿಸಿದರೆ ಬರಹ ಹಿಂದೆಯೇ ಬರುತ್ತದೆ. "ಕಾಲು" ಎಂಬುದು "ಕಾಲ್" ಆಗುವುದೂ ಇಂಥದ್ದೇ. ತುಳುವಿನಲ್ಲೂ ಮಲಯಾಳದಲ್ಲೂ ಪದದ ಕೊನೆಯ ಉಕಾರ ಅರ್ಧವೇ ಕೇಳಿಸುತ್ತದೆ. ಮಹಾಪ್ರಾಣಕ್ಕೆ ಈ ವಯಸ್ಸಿನಲ್ಲಿ ಅಂಕ ಕಳೆಯುವುದು ಅನ್ಯಾಯ, ದೊಡ್ಡವರೇ ಮಾತಿನಲ್ಲಿ ಅದನ್ನು ಸಡಿಲ ಬಿಡುತ್ತಾರೆ. ರ–ಠ, ಪ–ಷ, ವ–ಮ ಅದಲುಬದಲಾದರೆ ಮಾತ್ರ ಕಣ್ಣಿನ ಗೊಂದಲವೋ ಎಂದು ನೋಡಿ. ಅಕ್ಷರದ ಚೀಟಿ ತೋರಿಸಿ ಓದಿಸಿದಾಗಲೂ ಅದೇ ತಪ್ಪು ಬಂದರೆ ಅನುಮಾನವಿಲ್ಲ.

ಓದನ್ನು ಒಬ್ಬೊಬ್ಬರನ್ನೇ ಜಗಲಿಗೆ ಕರೆದು ನೋಡಿ, ಒಬ್ಬರಿಗೆ ಐದಾರು ನಿಮಿಷ. ಪಾಠಪುಸ್ತಕದ ಪುಟ ಬೇಡ, ಅದು ಬಾಯಿಪಾಠವಾಗಿರುತ್ತದೆ. ಅನುಮಾನ ಬಂದರೆ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಕೇಳಿ, ಬಾಯಿಪಾಠದ ಮಗು ಮೊದಲಿನಿಂದ ಹೇಳಿಕೊಂಡು ಬರುತ್ತದೆ. ಮೊದಲು ಅಕ್ಷರ, ಆಮೇಲೆ ಪದ, ಆಮೇಲೆ ನಾಲ್ಕು ಸಾಲು, ಕೊನೆಗೆ ಸಣ್ಣ ಕಥೆ. ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯಲ್ಲಿ ಐದು ಪದದಲ್ಲಿ ನಾಲ್ಕು ಓದಿದರೆ ಪದದ ಹಂತ ಮುಟ್ಟಿದಂತೆ. ಆ ಅಳತೆ ಇಲ್ಲಿಗೂ ಒಗ್ಗುತ್ತದೆ. ನಿಮ್ಮ ಕೈಯಲ್ಲೂ ಅದೇ ಸಾಲುಗಳ ಹಾಳೆ ಇರಲಿ: ತಪ್ಪಿಗೆ ಗೀಟು, ಬಿಟ್ಟದ್ದಕ್ಕೆ ಸುತ್ತು, ತಾನೇ ತಿದ್ದಿಕೊಂಡದ್ದಕ್ಕೆ "ತಾ". ತಾನೇ ತಿದ್ದಿಕೊಂಡದ್ದು ತಪ್ಪಲ್ಲ, ಒಳ್ಳೆಯ ಲಕ್ಷಣ. ಮಗು ತಡವರಿಸಿದರೆ ಮನಸ್ಸಿನಲ್ಲೇ ಮೂರು ಎಣಿಸಿ, ಆಮೇಲೆ ಪದ ಹೇಳಿಕೊಡಿ.

ಚಿಕ್ಕ ತರಗತಿಗಳ ಓದು, ಲೆಕ್ಕಕ್ಕೆಂದು ಕೇಂದ್ರ ಸರಕಾರ ತಂದ ನಿಪುಣ್ ಭಾರತ್ ಯೋಜನೆಯಲ್ಲಿ ಎರಡನೇ ತರಗತಿಗೆ ನಿಮಿಷಕ್ಕೆ 45ರಿಂದ 60 ಪದ ಎಂದಿದೆ. ಕನ್ನಡದಲ್ಲಿ "ಮರದೊಳಗಿಂದ", "ಓಡಿಹೋಗುತ್ತಿದ್ದನು" ಎಂಬಂಥವೂ ಒಂದೊಂದು ಪದವೇ. ಆದ್ದರಿಂದ ವೇಗ ಬರೆದಿಡಿ, ಅದರ ಮೇಲೆಯೇ ತೀರ್ಪು ಕೊಡಬೇಡಿ. ಗಡಿನಾಡಿನಲ್ಲಿ ಅದಕ್ಕಿಂತ ದೊಡ್ಡ ಮೋಸ ಬೇರೆ ಇದೆ: ಸರಾಗವಾಗಿ ಓದುವ ಮಗುವಿಗೆ ಓದಿದ್ದು ಅರ್ಥವಾಗದೆ ಇರಬಹುದು. ಅಕ್ಷರ ಕೂಡಿಸಲು ಕನ್ನಡ ಮಾತು ಬರಬೇಕೆಂದಿಲ್ಲ. ಓದಿ ಮುಗಿದ ಮೇಲೆ ಎರಡು ಪ್ರಶ್ನೆ ಕೇಳಲೇಬೇಕು, ಉತ್ತರ ಯಾವ ಭಾಷೆಯಲ್ಲಿ ಬಂದರೂ ತೆಗೆದುಕೊಳ್ಳಬೇಕು. "ಬೆಕ್ಕು ಏನು ಕುಡಿಯಿತು?" ಎಂದರೆ ತುಳುವಿನ ಮಗು "ಪೇರ್" ಎನ್ನಬಹುದು, ಮಲಯಾಳದ್ದು "ಪಾಲ್" ಎನ್ನಬಹುದು. ಇಬ್ಬರಿಗೂ ಪೂರ್ತಿ ಅಂಕ. ನಿಮಗೆ ಆ ಭಾಷೆ ತಿಳಿಯದಿದ್ದರೆ ಊಹಿಸಬೇಡಿ, ತರಗತಿಯ ಟೀಚರನ್ನೋ ಬಿಸಿಯೂಟದ ಅಡುಗೆಯವರನ್ನೋ ಕೇಳಿ.

ಟೀಚರ ಕೈಗೆ ಬರೀ ಅಂಕದ ಪಟ್ಟಿ ಕೊಟ್ಟರೆ ಅವರಿಗೆ ಉಪಯೋಗವಿಲ್ಲ. ಪ್ರತಿ ಮಗುವಿಗೆ ಒಂದು ಸಾಲು ಬರೆಯಿರಿ: ಯಾವ ಹಂತ, ತಪ್ಪು ಬಾಯಿಯದೋ ಕಣ್ಣಿನದೋ ಒತ್ತಿನದೋ, ಅರ್ಥ ಯಾವ ಭಾಷೆಯಲ್ಲಿ ಹೇಳಿತು. ಒಂದೂವರೆ ತಿಂಗಳ ನಂತರ ಅದೇ ಬಗೆಯ ಬೇರೆ ಹತ್ತು ಪದ ಕೊಟ್ಟು, ಹಳೆಯ ಸಾಲಿನ ಪಕ್ಕದಲ್ಲೇ ಹೊಸತನ್ನೂ ಬರೆಯಿರಿ.